ಗಂಟು ನೋವೆಂದು ಕೂತಲ್ಲೇ ಕೂರಬೇಡಿ: ನೀರಿಗಿಳಿದು ನಡೆದರೆ ಹೃದಯಕ್ಕೂ ಲಾಭ

'ದೇಹದ ಭಾರ ಜಾಸ್ತಿ ಉಂಟು, ದಿನಾ ನಡೀರಿ' ಅಂತಾರೆ ಡಾಕ್ಟರು. ನಡೆದರೆ ಮೊಣಗಂಟು ನೋಯ್ತದೆ. ನೋಯ್ತದೆ ಅಂತ ಕೂತರೆ ಭಾರ ಇನ್ನೂ ಏರ್ತದೆ. ಭಾರ ಏರಿದ ಹಾಗೆ ಗಂಟು ನೋವು ಮತ್ತೂ ಜೋರಾಗ್ತದೆ. ನಮ್ಮ ಬ್ಯಾರಿ ಮನೆಗಳಲ್ಲಿ ನಲವತ್ತೈದು, ಐವತ್ತು ದಾಟಿದ ಎಷ್ಟೋ ಉಮ್ಮಂದಿರು ಈ ಸುತ್ತಿನಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಕೌಂಟರ್ ಹಿಂದೆ ಕೂತು, ರಾತ್ರಿ ಹನ್ನೊಂದಕ್ಕೆ ಊಟ ಮಾಡಿ ಊರಿಗೆ ಮರಳಿದ ಗಂಡಸರ ಕತೆಯೂ ಇದಕ್ಕಿಂತ ಬೇರೆಯಲ್ಲ. ಗಂಟಿಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತೇವೆ, ಬೆಲ್ಟ್ ಕಟ್ಟಿಕೊಳ್ಳುತ್ತೇವೆ. ಆದರೆ ಆ ಹೊತ್ತಿಗೆ ಒಳಗೆ ಹೃದಯ ಏನು ಅನುಭವಿಸುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಈ ಸುತ್ತಿನಿಂದ ಹೊರಬರಲು ಒಂದು ದಾರಿ ಉಂಟು. ಅದು ನೀರಿನಲ್ಲಿ ಮಾಡುವ ವ್ಯಾಯಾಮ. ಈಜು ಗೊತ್ತಿರಬೇಕೆಂದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ನಡೆಯಲು, ಕೈಕಾಲು ಆಡಿಸಲು ಆದರೆ ಸಾಕು.

ಹೊಟ್ಟೆಯ ಸುತ್ತಳತೆಯೇ ಮೊದಲ ಎಚ್ಚರಿಕೆ

ಬೊಜ್ಜು ಎಂದರೆ ನೋಡಲು ದಪ್ಪ ಕಾಣುವುದು ಮಾತ್ರ ಅಲ್ಲ. ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು 30 ದಾಟಿದರೆ ಬೊಜ್ಜು. ನಮ್ಮಂಥ ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೇ ಬೊಜ್ಜು ಎಂದು ನಮ್ಮ ತಜ್ಞರು ಗೆರೆ ಎಳೆದಿದ್ದಾರೆ. ಯಾಕೆಂದರೆ ನಮ್ಮವರ ದೇಹದಲ್ಲಿ ಕೊಬ್ಬು ಮೊದಲು ಸೇರುವುದು ಹೊಟ್ಟೆಯ ಸುತ್ತ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯದ ಗಂಟೆ ಬಾರಿಸಿತು ಎಂದೇ ಲೆಕ್ಕ. ಮನೆಯಲ್ಲಿ ಹೊಲಿಗೆಯ ಟೇಪ್ ಇದ್ದರೆ ಇವತ್ತೇ ಅಳೆದು ನೋಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಸುಮಾರು ಮೂವರು ಹೆಚ್ಚು ತೂಕದವರು ಅಥವಾ ಬೊಜ್ಜಿನವರು. ಅದೂ ಸಮೀಕ್ಷೆ ಬಿಎಂಐ 25ರ ಗೆರೆಯಲ್ಲಿ ಲೆಕ್ಕ ಹಾಕಿದಾಗ. ಇಡೀ ದೇಶದಲ್ಲಿ ಹೊಟ್ಟೆಯ ಬೊಜ್ಜು ಗಂಡಸರಲ್ಲಿ 12 ಶೇಕಡಾ ಇದ್ದರೆ ಹೆಂಗಸರಲ್ಲಿ 40 ಶೇಕಡಾ. ಇದು ಓದಿ ಬಿಟ್ಟುಬಿಡುವ ಅಂಕಿ ಅಲ್ಲ. ಅಡುಗೆಮನೆ, ಹಾಲ್, ಮಲಗುವ ಕೋಣೆ, ಇಷ್ಟರೊಳಗೇ ದಿನ ಮುಗಿಸುವ ನಮ್ಮ ತಾಯಂದಿರ, ಅಕ್ಕಂದಿರ ಲೆಕ್ಕ ಇದು.

ಭಾರ ಹೆಚ್ಚಾದಾಗ ಹೃದಯ ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ. ಹೊಟ್ಟೆಯ ಕೊಬ್ಬಿನಿಂದ ಹೊರಡುವ ರಾಸಾಯನಿಕಗಳು ರಕ್ತನಾಳದ ಒಳಗೋಡೆಯಲ್ಲಿ ಉರಿಯೂತ ಉಂಟುಮಾಡುತ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ತಡೆಯುತ್ತವೆ. ರಕ್ತನಾಳ ಎಳೆಯ ರಬ್ಬರಿನಂತೆ ಹಿಗ್ಗುವ ಗುಣ ಕಳೆದುಕೊಂಡು ಹಳೆಯ ಪೈಪಿನಂತೆ ಬಿಗಿಯಾಗುತ್ತದೆ. ಬಿಪಿ ಏರುತ್ತದೆ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದೂ ಹೃದಯಕ್ಕೆ ಹೊಡೆತವೇ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರೂ ಒಟ್ಟಿಗೆ ಬರುವುದು ಈ ದಾರಿಯಲ್ಲೇ.

ನೀರು ಮಾಡುವ ಕೆಲಸ ಎಂತದು?

ಮೊದಲನೆಯದು, ಭಾರ ಇಳಿಸುವುದು. ಸೊಂಟಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ದೇಹದ ಭಾರದ ಹೆಚ್ಚುಕಡಿಮೆ ಅರ್ಧ ಮಾತ್ರ. ಎದೆಮಟ್ಟಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು. ಕುತ್ತಿಗೆಮಟ್ಟದಲ್ಲಿ ಹತ್ತರಲ್ಲಿ ಒಂದು ಪಾಲು. ಅಂದರೆ 90 ಕೆ.ಜಿ. ತೂಗುವ ಒಬ್ಬರು ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಅವರ ಮೊಣಗಂಟಿಗೆ 30 ಕೆ.ಜಿ. ತೂಗುವ ಮಗು ನಡೆದಷ್ಟೇ ಭಾರ. ನೆಲದ ಮೇಲೆ ಹತ್ತು ನಿಮಿಷ ನಡೆಯಲಾಗದವರು ನೀರಿನಲ್ಲಿ ಅರ್ಧ ಗಂಟೆ ನಡೆಯುವುದು ಇದೇ ಕಾರಣಕ್ಕೆ. ಬೊಜ್ಜಿನ ದೇಹಕ್ಕೆ ಇಲ್ಲಿ ಇನ್ನೊಂದು ಅನುಕೂಲವೂ ಉಂಟು. ಕೊಬ್ಬು ನೀರಿಗಿಂತ ಹಗುರ. ಹಾಗಾಗಿ ದಪ್ಪಗಿರುವವರು ತೆಳ್ಳಗಿರುವವರಿಗಿಂತ ಸುಲಭವಾಗಿ ತೇಲುತ್ತಾರೆ.

ಎರಡನೆಯದು, ಪ್ರತಿರೋಧ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಕೈ ಬೀಸಿದರೂ, ಕಾಲು ಎತ್ತಿದರೂ ನೀರು ತಡೆಯುತ್ತದೆ. ಡಂಬೆಲ್ ಹಿಡಿಯದೆಯೇ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಜೋರಾಗಿ ತಳ್ಳಿದರೆ ಜೋರಾಗಿ ತಡೆಯುತ್ತದೆ, ಮೆಲ್ಲಗೆ ತಳ್ಳಿದರೆ ಮೆಲ್ಲಗೆ. ಎಷ್ಟು ಕಷ್ಟ ಬೇಕೋ ಅಷ್ಟನ್ನು ನಾವೇ ಇಟ್ಟುಕೊಳ್ಳಬಹುದು. ಬಿದ್ದು ಎಲುಬು ಮುರಿಯುವ ಹೆದರಿಕೆಯೂ ಕಡಿಮೆ.

ಮೂರನೆಯದು ಹೃದಯಕ್ಕೆ ನೇರ ಸಂಬಂಧಪಟ್ಟದ್ದು. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 74 ಮಿ.ಮೀ. ಪಾದರಸದಷ್ಟು. ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ ಇದು ಸಣ್ಣ ಒತ್ತಡವಲ್ಲ. ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತ ರಕ್ತವನ್ನು ನೀರು ಎಲ್ಲ ಕಡೆಯಿಂದ ಅಮುಕಿ ಮೇಲಕ್ಕೆ, ಎದೆಯ ಕಡೆಗೆ ತಳ್ಳುತ್ತದೆ. ಕುತ್ತಿಗೆಮಟ್ಟ ಮುಳುಗಿದಾಗ ಹೀಗೆ ಎದೆಯ ಭಾಗಕ್ಕೆ ಬರುವ ರಕ್ತ ಸುಮಾರು 700 ಮಿಲಿ ಲೀಟರ್. ಹೃದಯ ತುಂಬಿಕೊಂಡು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಗೆ ಕಳಿಸುತ್ತದೆ. ಅಷ್ಟೇ ಕೆಲಸಕ್ಕೆ ಬಡಿತದ ಸಂಖ್ಯೆ ನೆಲದ ಮೇಲಿಗಿಂತ ನಿಮಿಷಕ್ಕೆ ಹತ್ತರ ಆಸುಪಾಸು ಕಡಿಮೆ ಸಾಕು. ಹೃದಯ ಹಿಗ್ಗಿದಾಗ ಅದರಿಂದಲೇ ಒಂದು ಹಾರ್ಮೋನ್ ಹೊರಟು ಮೂತ್ರಪಿಂಡಕ್ಕೆ 'ಉಪ್ಪು, ನೀರು ಹೊರಗೆ ಬಿಡು' ಎಂದು ಸೂಚನೆ ಕೊಡುತ್ತದೆ. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಮೂತ್ರ ಬರುವುದು ಚಳಿಯಿಂದ ಮಾತ್ರ ಅಲ್ಲ, ಇದರಿಂದಲೂ.

ಅಧ್ಯಯನಗಳು ಹೇಳುವುದು

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು 50 ವರ್ಷ ದಾಟಿದ, ಬಿಪಿ ಸ್ವಲ್ಪ ಏರಿದ್ದ 43 ಮಂದಿಯನ್ನು ತೆಗೆದುಕೊಂಡು ಕೆಲವರಿಗೆ 12 ವಾರ ಈಜು ಮಾಡಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಈಜಿದವರ ಮೇಲಿನ ಬಿಪಿ ಸರಾಸರಿ 131ರಿಂದ 122ಕ್ಕೆ ಇಳಿದಿತ್ತು. ರಕ್ತನಾಳಗಳ ಹಿಗ್ಗುವ ಗುಣವೂ ಸುಧಾರಿಸಿತ್ತು. ಗಂಟುಸವೆತ ಇರುವವರ ಮೇಲೆ 2016ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ ಈಜಿದವರಿಗೂ ಸೈಕಲ್ ತುಳಿದವರಿಗೂ ರಕ್ತನಾಳದ ಬಿಗಿತ ಕಡಿಮೆಯಾಯಿತು, ಗಂಟು ನೋವೂ ಇಳಿಯಿತು.

ಬ್ರೆಜಿಲ್‌ನಲ್ಲಿ ಹಲವು ಮಾತ್ರೆ ತಿಂದರೂ ಬಿಪಿ ಹತೋಟಿಗೆ ಬಾರದ 32 ಮಂದಿಯ ಮೇಲೆ ಪ್ರಯೋಗ ನಡೆಯಿತು. ಒಂದು ಗುಂಪಿನವರು ಬೆಚ್ಚಗಿನ ನೀರಿನ ಕೊಳದಲ್ಲಿ ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿದರು. 12 ವಾರದ ನಂತರ ಇಡೀ ದಿನ ಯಂತ್ರ ಕಟ್ಟಿ ಅಳೆದಾಗಲೂ ಅವರ ಬಿಪಿ ಗಮನಾರ್ಹವಾಗಿ ಇಳಿದಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಬೊಜ್ಜಿನ ರೋಗಿಗಳಿಗೆ ಆಹಾರದ ಸಲಹೆಯ ಜೊತೆ ಒಂಬತ್ತು ತಿಂಗಳು ವ್ಯಾಯಾಮ ಮಾಡಿಸಿ, ನೀರಿನಲ್ಲಿ ಸೈಕಲ್ ತುಳಿದವರನ್ನು ನೆಲದ ಮೇಲೆ ಮಾಡಿದವರ ಜೊತೆ ಹೋಲಿಸಿದರು. ಲಾಭ ಎರಡೂ ಕಡೆ ಒಂದೇ ಮಟ್ಟದಲ್ಲಿತ್ತು. ಅಂದರೆ ನೆಲದ ಮೇಲೆ ಓಡಾಡಲು ಆಗದವರು ನೀರಿಗಿಳಿದರೆ 'ಕಡಿಮೆ ದರ್ಜೆ'ಯ ವ್ಯಾಯಾಮ ಮಾಡಿದ ಹಾಗೆ ಅಲ್ಲವೇ ಅಲ್ಲ.

ತೂಕದ ಬಗ್ಗೆ ಮಾತ್ರ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚು ತೂಕದವರ ಮೇಲೆ ನಡೆದ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ 2025ರಲ್ಲಿ ಕೊರಿಯಾದ ಸಂಶೋಧಕರು ಲೆಕ್ಕ ಹಾಕಿದಾಗ ನೀರಿನ ವ್ಯಾಯಾಮದಿಂದ ತೂಕ ಸರಾಸರಿ 3 ಕೆ.ಜಿ.ಯಷ್ಟು, ಸೊಂಟ 3 ಸೆಂ.ಮೀ.ನಷ್ಟು ಇಳಿದದ್ದು ಕಂಡಿತು. ಹೆಚ್ಚು ಲಾಭ ಸಿಕ್ಕಿದ್ದು ಹೆಂಗಸರಿಗೆ ಮತ್ತು 45 ದಾಟಿದವರಿಗೆ. 3 ಕೆ.ಜಿ. ಎಂತ ಮಹಾ ಎನ್ನಬೇಡಿ. ತೂಕದಲ್ಲಿ ಒಂದು ಕೆ.ಜಿ. ಇಳಿದರೆ ಒಂದೊಂದು ಹೆಜ್ಜೆಗೂ ಮೊಣಗಂಟಿನ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತದೆ. ತೂಕದ ಯಂತ್ರದ ಮುಳ್ಳು ಅಲುಗದಿದ್ದರೂ ಬಿಪಿ, ಉಸಿರಿನ ಶಕ್ತಿ, ನಿದ್ದೆ ಸುಧಾರಿಸಬಹುದು. ಹೃದಯ ನೋಡುವುದು ಅದನ್ನೇ.

ಶುರು ಮಾಡುವುದು ಹೇಗೆ?

ಮೊದಲು ಡಾಕ್ಟರಲ್ಲಿ ಹೋಗಿ ಬಿಪಿ, ಶುಗರ್ ನೋಡಿಸಿ, ಅಗತ್ಯವಿದ್ದರೆ ಇಸಿಜಿ ಮಾಡಿಸಿ. 'ನೀರಿನಲ್ಲಿ ವ್ಯಾಯಾಮ ಮಾಡ್ಲಿಕ್ಕೆ ಹೊರಟಿದ್ದೇನೆ, ಮಾಡಬಹುದಾ?' ಎಂದು ಬಾಯಿಬಿಟ್ಟು ಕೇಳಿ. ತಿನ್ನುವ ಮಾತ್ರೆಗಳ ಚೀಟಿ ತೋರಿಸಿ.

ಆಳ ಎದೆಮಟ್ಟಕ್ಕಿಂತ ಹೆಚ್ಚು ಬೇಡ. ತರಬೇತಿದಾರರು ಅಥವಾ ಲೈಫ್‌ಗಾರ್ಡ್ ಇರುವ ಕೊಳವೇ ಆಗಬೇಕು. ನೀರು ತುಂಬ ತಣ್ಣಗಿರಬಾರದು, ತುಂಬ ಬಿಸಿಯೂ ಇರಬಾರದು. 28ರಿಂದ 32 ಡಿಗ್ರಿ ಒಳ್ಳೆಯದು. ನಮ್ಮ ಕರಾವಳಿಯ ಸೆಕೆಗೆ ಮಳೆಗಾಲ, ಚಳಿಗಾಲದ ಬೆಳಗು ಬಿಟ್ಟರೆ ಇದು ಕಷ್ಟದ ಸಂಗತಿಯಲ್ಲ.

ಮೊದಲ ಎರಡು ವಾರ: ದಿನಕ್ಕೆ 15ರಿಂದ 20 ನಿಮಿಷ, ವಾರಕ್ಕೆ ಮೂರು ದಿನ. ಕೊಳದ ಬದಿಯ ಕಂಬಿ ಹಿಡಿದು ಮುಂದಕ್ಕೆ, ಹಿಂದಕ್ಕೆ, ಬದಿಗೆ ನಡೆಯಿರಿ. ನೀರಿನ ಪರಿಚಯ ಆಗಲಿ.

ಮೂರರಿಂದ ಆರನೇ ವಾರ: 30 ನಿಮಿಷ. ಐದು ನಿಮಿಷ ಮೆಲ್ಲಗೆ ನಡೆದು ಮೈ ಬೆಚ್ಚಗೆ ಮಾಡಿ. ಆಮೇಲೆ ಮೊಣಕಾಲು ಎತ್ತಿ ನಡೆಯುವುದು, ಕೈಗಳನ್ನು ನೀರಿನೊಳಗೇ ಮುಂದಕ್ಕೆ ಹಿಂದಕ್ಕೆ ಬೀಸುವುದು, ಗೋಡೆಗೆ ಕೈ ಕೊಟ್ಟು ದೇಹ ತಳ್ಳುವುದು, ನಿಂತಲ್ಲೇ ಓಡುವುದು. ಕೊನೆಗೆ ಮತ್ತೆ ಐದು ನಿಮಿಷ ಮೆಲ್ಲಗೆ ನಡಿಗೆ.

ಅಲ್ಲಿಂದ ಮುಂದೆ: 45 ನಿಮಿಷದವರೆಗೆ ಏರಿಸಬಹುದು. ಒಂದು ನಿಮಿಷ ಜೋರು, ಎರಡು ನಿಮಿಷ ಮೆಲ್ಲಗೆ ಎಂಬ ಹಾಗೆ ಬದಲಿಸುತ್ತಾ ಹೋಗಬಹುದು. ವಾರಕ್ಕೆ ಒಟ್ಟು 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗುರಿ. ಮೊದಲ ತಿಂಗಳಿಗೇ ಅಲ್ಲಿಗೆ ಮುಟ್ಟಬೇಕೆಂದಿಲ್ಲ.

ಎಷ್ಟು ಜೋರು ಮಾಡಬೇಕು ಎಂದು ತಿಳಿಯಲು ವಾಚು ಬೇಡ. ಪಕ್ಕದವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ಮಟ್ಟ. ನೀರಿನಲ್ಲಿ ಬಡಿತ ಹೇಗೂ ಕಡಿಮೆ ತೋರಿಸುವುದರಿಂದ ನೆಲದ ಮೇಲಿನ ಲೆಕ್ಕ ಹಿಡಿದು 'ಇನ್ನೂ ಸಾಲದು' ಎಂದು ದೇಹ ದಂಡಿಸಬೇಡಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಿಗೂ ಬಡಿತದ ಲೆಕ್ಕ ನಂಬಲಾಗದು.

ಒಂದು ಕೊರತೆ ಉಂಟು. ನೀರಿನಲ್ಲಿ ಎಲುಬಿಗೆ ಭಾರ ಬೀಳದ ಕಾರಣ ಎಲುಬು ಗಟ್ಟಿಯಾಗುವ ಲಾಭ ಕಡಿಮೆ. ಹಾಗಾಗಿ ಗಂಟು ಸ್ವಲ್ಪ ಸುಧಾರಿಸಿದ ಮೇಲೆ ನೆಲದ ನಡಿಗೆಯನ್ನೂ, ಕುರ್ಚಿಯಿಂದ ಎದ್ದು ಕೂರುವ ಸರಳ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.

ಯಾರು ಇಳಿಯಬಾರದು?

ಮೇಲೆ ಹೇಳಿದ 700 ಮಿಲಿ ಲೀಟರ್ ರಕ್ತ ಎದೆಗೆ ಬರುವುದು ಗಟ್ಟಿ ಹೃದಯಕ್ಕೆ ವ್ಯಾಯಾಮ, ದುರ್ಬಲ ಹೃದಯಕ್ಕೆ ಹೊರೆ. ಹೃದಯ ವೈಫಲ್ಯ ಇರುವವರು, ಮಲಗಿದರೆ ಉಸಿರು ಕಟ್ಟುವವರು, ಇತ್ತೀಚೆಗೆ ಹೃದಯಾಘಾತ ಆದವರು, ಸ್ಟೆಂಟ್ ಅಥವಾ ಬೈಪಾಸ್ ಆದವರು ಹೃದ್ರೋಗ ತಜ್ಞರ ಅನುಮತಿ ಇಲ್ಲದೆ ನೀರಿಗೆ ಇಳಿಯಲೇಬಾರದು. ಹತೋಟಿಗೆ ಬಾರದ ಬಿಪಿ, ಬಡಿತದ ಏರುಪೇರು, ಅಪಸ್ಮಾರ, ತೆರೆದ ಗಾಯ, ಚರ್ಮದ ಸೋಂಕು, ಜ್ವರ ಇದ್ದವರೂ ಅಷ್ಟೇ.

ಶುಗರ್ ಇರುವವರು ಇಳಿಯುವ ಮೊದಲು ಶುಗರ್ ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಇಳಿಯಬಾರದು, ಬದಿಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಬೇಕು. ಪಾದದ ಸ್ಪರ್ಶ ಜ್ಞಾನ ಕಡಿಮೆ ಇದ್ದರೆ ನೀರಿನಲ್ಲಿ ಹಾಕುವ ರಬ್ಬರ್ ಶೂ ಹಾಕಿ. ಕೊಳದ ಟೈಲ್ಸ್‌ನಿಂದ ಆದ ಸಣ್ಣ ಗೀರು ಅವರಿಗೆ ದೊಡ್ಡ ಹುಣ್ಣಾಗಬಹುದು.

ನೀರಿನಿಂದ ಮೇಲೆ ಬರುವಾಗ ಗಡಿಬಿಡಿ ಬೇಡ. ಅಮುಕಿ ಹಿಡಿದಿದ್ದ ನೀರಿನ ಒತ್ತಡ ಒಮ್ಮೆಲೇ ಇಲ್ಲವಾದಾಗ ರಕ್ತ ಕಾಲಿಗೆ ಇಳಿದು ತಲೆ ತಿರುಗುತ್ತದೆ. ಬಿಪಿ ಮಾತ್ರೆ ತಿನ್ನುವವರಿಗೆ ಇದು ಹೆಚ್ಚು. ಮೆಟ್ಟಿಲ ಮೇಲೆ ಒಂದು ನಿಮಿಷ ನಿಂತು, ಕಂಬಿ ಹಿಡಿದು ಹತ್ತಿ. ಮೈಯೆಲ್ಲಾ ನೀರೇ ಇದ್ದರೂ ಬಾಯಾರಿಕೆ ತಿಳಿಯದೆ ದೇಹ ಒಣಗುತ್ತದೆ. ಆಮೇಲೆ ಒಂದೆರಡು ಗ್ಲಾಸ್ ನೀರು ಕುಡಿಯಿರಿ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ವಿಪರೀತ ಏದುಸಿರು ಬಂದರೆ ಆ ಕ್ಷಣವೇ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. 'ಗ್ಯಾಸ್ ಇರಬಹುದು' ಎಂದು ಜೀರಿಗೆ ಕಷಾಯ ಕುಡಿದು ಕಾಯುವುದು ಬೇಡ. ಹೆಂಗಸರಲ್ಲಿ ಹೃದಯಾಘಾತ ಬರೇ ಸುಸ್ತು, ವಾಕರಿಕೆ, ಬೆನ್ನು ನೋವಾಗಿಯೂ ಬರಬಹುದು.

ಇನ್ನೊಂದು ಮಾತು. ಕೊಳ ಸಿಗಲಿಲ್ಲ ಎಂದು ಹೊಳೆ, ಕಡಲು, ಕೆಂಪುಕಲ್ಲಿನ ಕೋರೆಯ ಹೊಂಡಕ್ಕೆ ಇಳಿಯುವುದು ಬೇಡವೇ ಬೇಡ. ನೇತ್ರಾವತಿಯ ಸುಳಿ, ಉಳ್ಳಾಲ ಮತ್ತು ಪಣಂಬೂರಿನ ಅಲೆ ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿವೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಳದಿಂದ ಸೀದಾ ಹೋಟೆಲಿಗೆ?

ತಣ್ಣೀರಿನಲ್ಲಿ ವ್ಯಾಯಾಮ ಮಾಡಿದರೆ ಹಸಿವು ಜೋರಾಗುತ್ತದೆ. ಫ್ಲೋರಿಡಾ ವಿಶ್ವವಿದ್ಯಾನಿಲಯದವರು 2005ರಲ್ಲಿ ಕೆಲವು ಯುವಕರ ಮೇಲೆ ನಡೆಸಿದ ಪ್ರಯೋಗದಲ್ಲಿ 20 ಡಿಗ್ರಿ ನೀರಿನಲ್ಲಿ ಸೈಕಲ್ ತುಳಿದವರು ಆಮೇಲೆ, 33 ಡಿಗ್ರಿ ನೀರಿನಲ್ಲಿ ತುಳಿದಾಗಿನದ್ದಕ್ಕಿಂತ 44 ಶೇಕಡಾ ಹೆಚ್ಚು ಕ್ಯಾಲರಿ ತಿಂದಿದ್ದರು. ಕೊಳದಿಂದ ಹೊರಬಂದು ಸೀದಾ ಎರಡು ಬನ್ಸ್, ಒಂದು ಪ್ಲೇಟ್ ಗೋಳಿಬಜೆ, ಸಕ್ಕರೆ ಹಾಕಿದ ಚಾಯ ಆದರೆ ಅರ್ಧ ಗಂಟೆಯ ದುಡಿಮೆ ಅಲ್ಲಿಗೇ ಮುಗಿಯಿತು. ಮನೆಯಿಂದಲೇ ಒಂದು ಬಾಳೆಹಣ್ಣು ಅಥವಾ ಬೇಯಿಸಿದ ಕಡಲೆ ಕೊಂಡುಹೋಗಿ. ಸಕ್ಕರೆ ಹಾಕದ ಸುಲೈಮಾನಿ ಕುಡಿಯಬಹುದು.

ಬಿರಿಯಾನಿ, ನೆಯ್‌ಚೋರು ಬಿಟ್ಟೇಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಮದುವೆ, ಮುಂಜಿ, ಮನೆ ಒಕ್ಕಲು ಎಂದು ವಾರಕ್ಕೆ ಮೂರು ಸಲ ಅದೇ ಆದರೆ ಯಾವ ನೀರೂ ನಮ್ಮನ್ನು ಹಗುರ ಮಾಡದು. ಪತ್ತಿರ್ ಎರಡು ಕಡಿಮೆ, ಮೀನು ಕರಿಯುವ ಬದಲು ಸಾರು, ತರಕಾರಿ ಒಂದು ಹಿಡಿ ಹೆಚ್ಚು. ಇಷ್ಟು ಮನೆಯ ಅಡುಗೆಯಲ್ಲೇ ಸಾಧ್ಯ. ರಮಝಾನಿನಲ್ಲಿ ಉಪವಾಸದ ಹಗಲು ಕೊಳಕ್ಕೆ ಹೋಗುವುದು ಬೇಡ. ಇಫ್ತಾರ್ ಆಗಿ ಎರಡು ಗಂಟೆ ಕಳೆದ ಮೇಲೆ ಮನೆಯ ಅಂಗಳದಲ್ಲಿ ನಡೆದರೂ ಸಾಕು.

ನಮ್ಮ ಹೆಂಗಸರಿಗೆ ಕೊಳ ಎಲ್ಲಿದೆ?

ಇಷ್ಟೆಲ್ಲ ಓದಿದ ಮೇಲೆ ಮನೆಯ ಹೆಂಗಸರು ಕೇಳುವ ಪ್ರಶ್ನೆ ಒಂದೇ: 'ನಾವು ಎಲ್ಲಿಗೆ ಹೋಗುವುದು?' ಈ ಪ್ರಶ್ನೆಗೆ ಉತ್ತರ ಕೊಡದೆ ಬರೇ ಆರೋಗ್ಯದ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಹೊಟ್ಟೆಯ ಬೊಜ್ಜು ಹೆಚ್ಚಿರುವುದು ಹೆಂಗಸರಲ್ಲಿ, ನೀರಿನ ಬಾಗಿಲು ಹೆಚ್ಚು ಮುಚ್ಚಿರುವುದೂ ಅವರಿಗೇ.

ಮಂಗಳೂರಿನಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳ ಉಂಟು, ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಹೊಸ ಈಜುಕೊಳವೂ ಬಂದಿದೆ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೊಳ ಎಂದರೆ ಅದರಲ್ಲಿ ನಮ್ಮ ಪಾಲೂ ಉಂಟು. ಹೆಂಗಸರಿಗೆ ಮಾತ್ರ ಮೀಸಲಾದ ಹೊತ್ತು ಯಾವುದು, ಆ ಹೊತ್ತಿನಲ್ಲಿ ತರಬೇತಿದಾರರು, ಲೈಫ್‌ಗಾರ್ಡ್ ಹೆಂಗಸರೇ ಇರುತ್ತಾರಾ, ಆಳ ಕಡಿಮೆಯ ಭಾಗ ಸಿಗುತ್ತದಾ, ಸಿಸಿ ಕ್ಯಾಮೆರಾ ಎಲ್ಲಿಗೆ ತಿರುಗಿದೆ, ಈ ನಾಲ್ಕು ಪ್ರಶ್ನೆ ಹೋಗಿ ಕೇಳಿ. ಸಮಾಧಾನದ ಉತ್ತರ ಸಿಗದಿದ್ದರೆ ಹತ್ತು ಹದಿನೈದು ಮಂದಿ ಒಟ್ಟಾಗಿ ಬರೆದುಕೊಡಿ. ಒಬ್ಬರು ಕೇಳಿದರೆ ಬೇಡಿಕೆ, ಹದಿನೈದು ಮಂದಿ ಕೇಳಿದರೆ ಬ್ಯಾಚ್.

ಬಟ್ಟೆಯ ಚಿಂತೆಗೂ ಪರಿಹಾರ ಬಂದಾಗಿದೆ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ವಿನ್ಯಾಸಕಿ ಅಹೆದಾ ಝನೆಟ್ಟಿ ಎರಡು ದಶಕದ ಹಿಂದೆ ತಲೆಯಿಂದ ಪಾದದವರೆಗೆ ಮುಚ್ಚುವ ಈಜುಡುಗೆ ರೂಪಿಸಿದರು. ಅದೇ ಬುರ್ಕಿನಿ. ಇವತ್ತು ಅಂಥ ಉಡುಗೆ ನಮ್ಮಲ್ಲೂ ತರಿಸಿಕೊಳ್ಳಬಹುದು. ಹತ್ತಿಯ ಚೂಡಿದಾರದಲ್ಲಿ ಇಳಿಯುವುದು ಸರಿಯಲ್ಲ. ಅದು ನೀರು ಹೀರಿ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊಳದವರೂ ಒಪ್ಪುವುದಿಲ್ಲ.

ಗಲ್ಫಿನಲ್ಲಿ ಕುಟುಂಬದೊಂದಿಗೆ ಇರುವವರಿಗೆ ಇದು ಇನ್ನೂ ಸುಲಭ. ದುಬೈ, ಶಾರ್ಜಾದ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಕೊಳ ಉಂಟು, ಹೆಂಗಸರಿಗೆ ಬೇರೆ ಹೊತ್ತೂ ಉಂಟು. ದುಬೈಯ ಅಲ್ ಮಮ್ಝರ್ ಬೀಚ್ ಪಾರ್ಕ್‌ನಲ್ಲಿ ವಾರದ ಕೆಲವು ದಿನ ಹೆಂಗಸರಿಗೇ ಮೀಸಲು. ಕೊಳ ಇರುವುದು ಮಕ್ಕಳಿಗೆ ಮಾತ್ರ ಎಂದು ಬದಿಯಲ್ಲಿ ಕೂತು ಟವೆಲ್ ಹಿಡಿಯುವ ತಾಯಂದಿರು ಇನ್ನು ತಾವೂ ಇಳಿಯಲಿ. ಅಲ್ಲಿ ಇರುವ ಬಾಪಂದಿರಿಗೂ ಇದೇ ಮಾತು.

ಊರಿನಲ್ಲಿ ನಮ್ಮ ಸಂಘಟನೆಗಳು ರಕ್ತದಾನ ಶಿಬಿರ, ಉಚಿತ ಕಣ್ಣು ತಪಾಸಣೆ ಎಷ್ಟು ಚಂದ ಮಾಡುತ್ತವೆ! ನಮ್ಮ ಶಿಕ್ಷಣ ಸಂಸ್ಥೆಗಳು ಕ್ಯಾಂಪಸ್ ಕಟ್ಟುತ್ತವೆ, ಆಡಿಟೋರಿಯಂ ಕಟ್ಟುತ್ತವೆ. ಅವುಗಳ ಜೊತೆ ನಾಲ್ಕು ಅಡಿ ಆಳದ, ಮಾಡು ಮತ್ತು ಗೋಡೆ ಇರುವ ಒಂದು ಕೊಳವನ್ನೂ ಯೋಚಿಸಬಹುದಲ್ಲ? ಬೆಳಿಗ್ಗೆ ಮಕ್ಕಳಿಗೆ ಈಜು, ಮಧ್ಯಾಹ್ನ ಹೆಂಗಸರಿಗೆ ವ್ಯಾಯಾಮ, ಸಂಜೆ ಗಂಡಸರಿಗೆ. ನಮ್ಮ ಹೆಣ್ಣುಮಕ್ಕಳಲ್ಲಿ ಫಿಸಿಯೋಥೆರಪಿ ಓದಿದವರು ಈಗ ಊರೂರಲ್ಲಿ ಇದ್ದಾರೆ. ಅವರಿಗೆ ಈಜುಕೊಳದ ತರಬೇತಿ ಕೊಡಿಸಿದರೆ ಕೆಲಸವೂ ಆಯಿತು, ಸೇವೆಯೂ ಆಯಿತು. ನೀರಿನಲ್ಲಿ ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾದರೆ ಅದು ಇನ್ನೂ ದೊಡ್ಡ ಲಾಭ.

ಅಲ್ಲಿಯವರೆಗೆ ಕಾಯುವುದೂ ಬೇಡ. ಈ ವಾರ ಮನೆಯ ಎಲ್ಲರ ಸೊಂಟದ ಸುತ್ತಳತೆ ತೆಗೆದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದಿನ ವಾರ ಬಿಪಿ, ಶುಗರ್ ನೋಡಿಸಿ. ಆಮೇಲೆ ಹತ್ತಿರದ ಕೊಳಕ್ಕೆ ಹೋಗಿ ಹೆಂಗಸರ ಬ್ಯಾಚ್ ಯಾವಾಗ ಎಂದು ವಿಚಾರಿಸಿ. ಉಮ್ಮ ಒಬ್ಬರೇ ಹೋಗಲು ಹಿಂಜರಿದರೆ ಮಗಳು ಜೊತೆಗೆ ಹೋಗಲಿ, ಸೊಸೆ ಹೋಗಲಿ. ಮೂರು ತಿಂಗಳು ಬಿಟ್ಟು ಅದೇ ಟೇಪ್ ಹಿಡಿದು ಇನ್ನೊಮ್ಮೆ ಅಳೆಯಿರಿ, ಬಿಪಿಯನ್ನೂ ಇನ್ನೊಮ್ಮೆ ನೋಡಿಸಿ. ಆ ಎರಡು ಅಂಕಿಗಳೇ ನಿಮಗೆ ಉತ್ತರ ಹೇಳುತ್ತವೆ.